ಅಂದಪ್ಪನವರ ವಾಹ್

ಗದಗ-ಬೆಟಗೇರಿಯಲ್ಲಿ ಹಾಡುವವರಿಗೆ ಬರವಿಲ್ಲ. ಓಣಿಗೊಬ್ಬ ತಬಲಾದವನು, ನಾಲ್ಕು ಮನೆಗೊಬ್ಬ ಹಾರ್ಮೋನಿಯಂ ಕಲಿತವನು ಸಿಗುವ ಊರು ಇದು. ಆದರೆ ಕೇಳುತ್ತ ಕೂತಲ್ಲಿಂದಲೇ ‘ವಾಹ್’ ಎಂದು ಒಂದು ಉದ್ಗಾರ ತೆಗೆದು, ಆ ಒಂದೇ ಮಾತಿನಿಂದ ವೇದಿಕೆಯ ಮೇಲಿದ್ದವರ ಬೆನ್ನು ನೆಟ್ಟಗಾಗುವಂತೆ ಮಾಡಬಲ್ಲವರು ಅಂದಪ್ಪನವರೊಬ್ಬರೇ. ತಾಳದ ಸುತ್ತು ಮುಗಿದು ಹಾಡು ಮತ್ತೆ ಮೊದಲ ಪೆಟ್ಟಿಗೆ ಬಂದು ಕೂಡುವ ಜಾಗವಿದೆಯಲ್ಲ, ಸಂಗೀತಗಾರರು ಸಮ ಎನ್ನುವ ಆ ಜಾಗ, ಅಲ್ಲಿಗೆ ಸರಿಯಾಗಿ, ಹೊಟ್ಟೆಯಿಂದೆದ್ದು ಎದೆಯಲ್ಲಿ ಒಂದು ಗಳಿಗೆ ತಡೆದು ಬಂದಿಳಿಯುತ್ತಿತ್ತು ಅವರ ವಾಹ್. ತುಸು ಮುಂಚೆ ಬಂದರೆ ಅವಸರ, ತುಸು ತಡವಾದರೆ ಬರೀ ಉಪಚಾರ. ಎರಡೂ ಅವರ ಬಾಯಿಂದ ಬಿದ್ದದ್ದನ್ನು ಕೇಳಿದವರಿರಲಿಲ್ಲ. ಧಾರವಾಡದಿಂದ, ಪುಣೆಯಿಂದ ಬಂದ ದೊಡ್ಡ ದೊಡ್ಡವರು ಕೂಡ ತಂಬೂರಿ ಶ್ರುತಿ ಮಾಡಿಕೊಳ್ಳುತ್ತ ಪರದೆಯ ಸಂದಿಯಿಂದ ಮುಂದಿನ ಸಾಲನ್ನೊಮ್ಮೆ ಇಣುಕಿ ನೋಡಿ, ‘ಅಂದಪ್ಪನವರು ಬಂದಾರೇನು’ ಎಂದು ವಿಚಾರಿಸುತ್ತಿದ್ದರು.

ಚಪ್ಪಾಳೆಯನ್ನು ಮಾತ್ರ ಅವರು ಎಂದೂ ತಟ್ಟಿದವರಲ್ಲ. ‘ಚಪ್ಪಾಳಿ ಭಾಷಣಕ್ಕ ಹೊಡೀತಾರ್ರಿ, ಹಾಡಿಗಲ್ಲ’ ಎನ್ನುವುದು ಅವರ ವಾದ. ಸಭೆಗೆ ಸಭೆಯೇ ಎದ್ದು ನಿಂತು ಕೈ ತಟ್ಟುವಾಗಲೂ ಮೊಣಕಾಲಿನ ಮೇಲೆ ಎರಡೂ ಅಂಗೈ ಊರಿಕೊಂಡು ಹಟ ಹಿಡಿದವರಂತೆ ಕೂತೇ ಇರುತ್ತಿದ್ದರು. ಬಿಳಿ ಧೋತರ, ಕೊರಳತನಕ ಗುಂಡಿ ಹಾಕಿದ ಬಾದಾಮಿ ಬಣ್ಣದ ಕೋಟು. ನೆತ್ತಿ ಸುಡುವ ಬೇಸಿಗೆಯಲ್ಲೂ ಆ ಕೋಟಿನ ಒಂದು ಗುಂಡಿ ಸಡಿಲವಾದದ್ದಿಲ್ಲ. ಬಲಗಾಲನ್ನು ತುಸು ಹೊರಗೆ ಹಾಕುತ್ತ, ಯಾವ ಆತುರವೂ ಇಲ್ಲದೆ ಪಕ್ಕದ ಬಾಗಿಲಿನಿಂದ ಬಂದು ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಅವರು ಕೂತರೆಂದರೆ, ಇನ್ನು ಶುರುವಾಗುತ್ತದೆ ಎಂದು ಹಿಂದಿನವರು ಮೊಬೈಲು ಒಳಗಿಡುತ್ತಿದ್ದರು.

ಅವರದು ಬೆಟಗೇರಿಯಲ್ಲಿ ತಲೆತಲಾಂತರದಿಂದ ಹತ್ತಿ, ಶೇಂಗಾದ ವ್ಯಾಪಾರ ಮಾಡಿಕೊಂಡು ಬಂದ ಮನೆತನ. ಅಂಗಡಿಯನ್ನು ತಮ್ಮನ ಮಕ್ಕಳ ಕೈಗೆ ಕೊಟ್ಟ ಮೇಲೆ ಅಂದಪ್ಪನವರಿಗೆ ಉಳಿದದ್ದು ಒಂದೇ ಉದ್ಯೋಗ, ಹೋಗುವುದು. ಮಠದಲ್ಲಿ ವಚನ ಗಾಯನವೆಂದರೆ ಅಲ್ಲಿಗೆ, ಯಾರದೋ ಪುಸ್ತಕ ಬಿಡುಗಡೆಯೆಂದರೆ ಅಲ್ಲಿಗೆ. ಮುಂಡರಗಿಯಲ್ಲಿ ನಾಟಕ ಕಂಪನಿ ಬಿಡಾರ ಹೂಡಿದರೆ ಅವರ ಹೊಸ ಆಟಕ್ಕೆ, ಶಿರಹಟ್ಟಿಯಲ್ಲಿ ಕವ್ವಾಲಿ ಇಟ್ಟರೆ ಅದಕ್ಕೆ. ಲಕ್ಷ್ಮೇಶ್ವರದಲ್ಲಿ ಬೀಗರ ಮನೆಯ ಉಡಿ ತುಂಬುವ ಕಾರ್ಯಕ್ಕೆ ಹೋದರೂ ಊಟ ಮುಗಿಸಿ ಅಲ್ಲಿನ ಭಜನಾ ಮೇಳವನ್ನು ಹುಡುಕಿಕೊಂಡು ಹೊರಡುವವರು. ಇವೆಲ್ಲದರ ನಡುವೆ ರವಿವಾರ ಬಿಡುವು ಸಿಕ್ಕರೆ ಗೆಳೆಯರನ್ನೆಲ್ಲ ಜೀಪಿಗೆ ತುಂಬಿಕೊಂಡು, ಬುತ್ತಿ ಕಟ್ಟಿಸಿಕೊಂಡು, ಸಿಂಗಟಾಲೂರಿನ ಹೊಳೆದಂಡೆಗೆ ಹೋಗಿ ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡು ಬರುವುದು. ಅವರ ಹೆಂಡತಿ ಅನ್ನಪೂರ್ಣವ್ವ ಬಂದವರೆದುರಿಗೆ ನಗುತ್ತಲೇ ಹೇಳುತ್ತಿದ್ದರು: ‘ಪಾವಣ್ಯಾರು, ಬೀಗರು ಬಂದಂಗ ಬರ್ತಾರ ನೋಡ್ರಿ ಮನಿಗೆ. ಉಣ್ತಾರ, ಕೋಟು ಹಾಕ್ಕೊಂತಾರ, ಹೊಂಟ್ರು.’

ನಗುವ ಮಾತಲ್ಲ ಅದು. ಅಂದಪ್ಪನವರಿಗೆ ಮನೆಯಲ್ಲಿ ಸುಮ್ಮನೆ ಕೂರುವುದೆಂದರೆ ಹೆದರಿಕೆ. ಹಾಡಲು ಬಾರದು, ಬಾರಿಸಲು ಬಾರದು, ನಾಲ್ಕು ಜನರ ಮುಂದೆ ನಿಂತು ಮಾತಾಡಲು ಬಾರದು. ಬರುತ್ತಿದ್ದದ್ದು ಕೇಳಲು ಮಾತ್ರ. ಊರಿನಲ್ಲಿ ಅವರಿಗಿದ್ದ ಮರ್ಯಾದೆ, ಮುಂದಿನ ಸಾಲು, ಮನೆಗೇ ಬಂದು ಆಮಂತ್ರಣ ಕೊಟ್ಟು ಹೋಗುವ ಜನ, ಎಲ್ಲವೂ ಅವರೆರಡು ಕಿವಿಗಳ ಸಂಪಾದನೆ. ಕಿವಿ ಹೋದ ದಿನ ಇದೆಲ್ಲವೂ ಹೋಯಿತು, ತಾನು ಬೆಟಗೇರಿಯ ಒಬ್ಬ ಮುದುಕ ಮಾತ್ರ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಈ ಎಲ್ಲ ತಿರುಗಾಟದಲ್ಲೂ ಅವರ ಎಡಗಡೆಯ ಕುರ್ಚಿ ಮಲ್ಲಸಮುದ್ರದ ಯಮನೂರಪ್ಪ ಮಾಸ್ತರರದು. ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದ, ಕುಳ್ಳಗಿನ, ಸಭೆಯಲ್ಲಿ ಎಂದೂ ಬಾಯಿ ಬಿಡದ ಮನುಷ್ಯ. ಅವರೂ ಬಂದಿದ್ದಾರೆ ಎಂಬುದು ಅಂದಪ್ಪನವರನ್ನು ನೋಡಿದವರಿಗೆ ಆಮೇಲೆ ನೆನಪಾಗುತ್ತಿತ್ತು. ಮಾಸ್ತರರಿಗೆ ಒಂದೇ ಒಂದು ಕೆಟ್ಟ ಚಾಳಿ, ತಾಳವನ್ನು ಪಕ್ಕದವರ ತೊಡೆಯ ಮೇಲೆ ಹಾಕುವುದು. ಹಾಡು ರಂಗೇರಿತೆಂದರೆ ಅವರ ಬಲಗೈ ತಾನಾಗಿ ಹೋಗಿ ಅಂದಪ್ಪನವರ ತೊಡೆಯನ್ನು ತಟ್ಟತೊಡಗುತ್ತಿತ್ತು. ಅಂದಪ್ಪನವರು ಆ ಕೈಯನ್ನು ಎತ್ತಿ ಇಟ್ಟಷ್ಟು ಸಲ ಅದು ತಿರುಗಿ ಬರುತ್ತಿತ್ತು.

‘ಲೇ ಮಾಸ್ತರ, ನಿನಗ ತೊಡಿ ಇಲ್ಲೇನು?’

‘ನಂದು ಬರೇ ಎಲುವು ಐತ್ರಿ ಸಾವ್ಕಾರ್ರ. ನಾದ ಬರಂಗಿಲ್ಲ.’

ಕಿವಿ ಕೈಕೊಟ್ಟದ್ದು ಅಂದಪ್ಪನವರಿಗೆ ಗೊತ್ತಾದದ್ದು ಮಾಗಡಿ ಕೆರೆಯ ಏರಿಯ ಮೇಲೆ. ಚಳಿಗಾಲದಲ್ಲಿ ಹೊರದೇಶದ ಹೆಬ್ಬಾತುಗಳು ಬಂದು ಇಳಿಯುವ ಕೆರೆ ಅದು. ನೋಡೋಣವೆಂದು ಬಳಗ ಕಟ್ಟಿಕೊಂಡು ಬೆಳಿಗ್ಗೆ ಹೋಗಿದ್ದರು. ನೋಡನೋಡುತ್ತ ಹಿಂಡಿಗೆ ಹಿಂಡೇ ನೀರು ಬಿಟ್ಟೆದ್ದು ತಲೆಯ ಮೇಲೆ ಹಾದುಹೋದಾಗ, ಜೊತೆಗಿದ್ದವರೆಲ್ಲ ಆ ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ನಗತೊಡಗಿದರು. ಅಂದಪ್ಪನವರಿಗೆ ಕೇಳಿಸಿದ್ದು ಪಕ್ಕದ ಕೋಣೆಯಲ್ಲಿ ಯಾರೋ ಕಾಗದ ಮಡಚಿದಷ್ಟು ಸದ್ದು. ಆಕಾಶ ತುಂಬ ರೆಕ್ಕೆಗಳು ಬಡಿಯುತ್ತಿವೆ, ಕೊಕ್ಕುಗಳು ತೆರೆದಿವೆ, ದನಿ ಮಾತ್ರ ಇಲ್ಲ. ಒಂದು ಗಳಿಗೆ ಹಾಗೆಯೇ ನಿಂತಿದ್ದವರು, ಮತ್ತೆ ಎಲ್ಲರಂತೆ ತಾವೂ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ನಕ್ಕರು. ಅವರ ನಟನೆ ಶುರುವಾದದ್ದು ಅಲ್ಲಿಂದ.

ಹೆಂಡತಿಯ ಹೊರತು ಯಾರಿಗೂ ಹೇಳದೆ ಹುಬ್ಬಳ್ಳಿಗೆ ಹೋಗಿ ಡಾಕ್ಟರಿಗೆ ತೋರಿಸಿದರು, ಕಿವಿಗೆ ಇಟ್ಟುಕೊಳ್ಳುವ ಮಷೀನನ್ನೂ ತಂದರು. ಮನೆಯ ಬಾಗಿಲು ಹಾಕಿಕೊಂಡು, ಮಷೀನು ಏರಿಸಿ, ಹಳೆಯ ಧ್ವನಿಮುದ್ರಿಕೆ ಹಚ್ಚಿದರೆ ತಂಬೂರಿ ತಗಡು ಬಡಿದಂತೆ ಕೇಳಿಸಿತು. ಕಿತ್ತು ಇಟ್ಟವರು ಮತ್ತೆ ಅದನ್ನು ಮುಟ್ಟಲಿಲ್ಲ.

‘ಹಾಡಿಗೆ ಬ್ಯಾಡಂದ್ರ ಬ್ಯಾಡ, ಮಾತಿಗರ ಹಾಕ್ಕೋರಿ’ ಎಂದರು ಅನ್ನಪೂರ್ಣವ್ವ. ‘ಮಂದಿ ಏನ್ ತಿಂತಾರೇನು?’

‘ಕಿವ್ಯಾಗ ಮಷೀನ್ ಇಟ್ಟಾಂವ ವಾಹ್ ಅಂದ್ರ ಹಾಡಾವ್ರು ಏನಂತ ತಿಳ್ಕೋಬೇಕು? ಅದರಕಿಂತ ಮನ್ಯಾಗ ಕುಂದ್ರೂದು ಚಲೋ.’

‘ಹಂಗಾರ ಕುಂದರ್ರಿ.’

ಕೂರಲಿಲ್ಲ. ಬದಲಿಗೆ ಹೊಸ ಹೊಸ ಉಪಾಯ ಕಲಿತರು. ಮುಂಚೆ ಹೋದರೆ ನಾಲ್ಕು ಜನ ಮಾತಾಡಿಸುತ್ತಾರೆಂದು ಪರದೆ ಸರಿಯುವ ಹೊತ್ತಿಗೆ ಸರಿಯಾಗಿ ಹೋಗತೊಡಗಿದರು. ಎದುರು ಕೂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುವರು. ತಿಳಿಯದಿದ್ದರೆ, ಕೇಳಿದವರು ಏನೇ ಕೇಳಿರಲಿ, ‘ಭಾಳ ಚಲೋ ಆತು’ ಎಂದುಬಿಡುವರು. ಮದುವೆಗೂ, ಪುಸ್ತಕಕ್ಕೂ, ನಾಟಕಕ್ಕೂ, ಮಗನ ನೌಕರಿಗೂ ಹೊಂದುವ ಮಾತು ಅದು. ಬಹಳ ದಿನ ಯಾರಿಗೂ ಅನುಮಾನ ಬರಲಿಲ್ಲ. ಹಾಡಿಗೆ ಮಾತ್ರ ಆ ಉಪಾಯ ಸಾಲದು. ಅಲ್ಲಿ ಅವರನ್ನು ಕಾಪಾಡಿದ್ದು, ಇಷ್ಟು ವರ್ಷ ಎತ್ತೆತ್ತಿ ಇಡುತ್ತಿದ್ದ ಮಾಸ್ತರರ ಕೈ.

ಈಗ ಅವರು ಆ ಕೈಯನ್ನು ಸರಿಸಲಿಲ್ಲ. ತಟ್ಟುವ ಬೆರಳುಗಳಿಂದ ತಾಳ ತಿಳಿಯುತ್ತಿತ್ತು, ತಾಳದಿಂದ ಸಮ ತಿಳಿಯುತ್ತಿತ್ತು. ಗೆಳೆಯನಿಗೆ ತಮ್ಮ ಗುಟ್ಟು ಗೊತ್ತಿದೆಯೋ ಇಲ್ಲವೋ ಎಂದು ಅಂದಪ್ಪನವರು ಕೇಳಲಿಲ್ಲ, ಮಾಸ್ತರರೂ ಹೇಳಲಿಲ್ಲ. ಆದರೆ ಬರೀ ತಟ್ಟುತ್ತಿದ್ದ ಬೆರಳು ಬರಬರುತ್ತ ಸಮ ಹತ್ತಿರವಾದಾಗ ಒಂದಿಷ್ಟು ಒತ್ತಿ ಹೇಳತೊಡಗಿತು. ಹಾಡಿದವರು ನಿಜವಾಗಿ ಏನಾದರೂ ಸಾಧಿಸಿದ್ದರೆ ಬೆರಳಿನ ಬದಲು ಇಡೀ ಅಂಗೈ ಇಳಿಯುತ್ತಿತ್ತು. ವಯಸ್ಸಾದಂತೆ ಅಂದಪ್ಪನವರ ವಾಹ್ ಇನ್ನೂ ಹದಗೊಂಡಿದೆ ಎಂದು ಊರೆಲ್ಲ ಕೊಂಡಾಡಿತು. ಅವರು ಅದನ್ನು ತಲೆಬಾಗಿ ಸ್ವೀಕರಿಸಿದರು. ಎಡಗಡೆಯ ಕುರ್ಚಿಯವರು ಎಂದಿನಂತೆ ಸುಮ್ಮನಿದ್ದರು.

ಕಳೆದ ವರ್ಷ ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಮಾಸ್ತರರು ಹಾಸಿಗೆ ಹಿಡಿದರು. ಗಂಟಲಿಗೆ ಬಂದ ರೋಗ. ಆಸ್ಪತ್ರೆಯವರು ಮನೆಗೆ ಕರೆದೊಯ್ಯಿರಿ ಎಂದರು. ಅಂದಪ್ಪನವರು ಮಲ್ಲಸಮುದ್ರಕ್ಕೆ ಹೋಗಿ ಹಾಸಿಗೆಯ ಪಕ್ಕ ಕೂರುವರು. ಒಬ್ಬರಿಗೆ ದನಿ ಇಲ್ಲ, ಇನ್ನೊಬ್ಬರಿಗೆ ಕಿವಿ ಇಲ್ಲ. ಕಡೆಯ ಸಲ ಹೋದಾಗ ಮಾಸ್ತರರು ಗೋಡೆಯ ಕಡೆಗೆ ಹೊರಳಿ, ಶಾಲನ್ನು ಬಾಯಿಯ ತನಕ ಹೊದ್ದುಕೊಂಡು, ಪಿಸುಮಾತಿನಲ್ಲಿ ಏನೋ ಹೇಳಲು ಶುರುಮಾಡಿದರು. ಬಹಳ ಹೊತ್ತು ಹೇಳಿದರು. ತುಟಿ ಕಾಣದು, ದನಿ ಮುಟ್ಟದು. ‘ಕೇಳಸ್ವಲ್ದೋ ಮಾಸ್ತರ, ಇತ್ತಾಗ ಹೊರಳಿ ಇನ್ನೊಮ್ಮೆ ಹೇಳು’ ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ರೂಢಿ ಎಂಬುದು ನಾಲಿಗೆಯ ತುದಿಯಲ್ಲೇ ಕೂತಿರುತ್ತದೆ. ಮಾಸ್ತರರ ಭುಜ ಅಲುಗುವುದು ನಿಂತಾಗ, ಮಾತು ಮುಗಿಯಿತೆಂದು ತಿಳಿದು ಅಂದಪ್ಪನವರು ‘ಭಾಳ ಚಲೋ ಆತು’ ಎಂದರು. ಮಾಸ್ತರರು ಇತ್ತ ಹೊರಳಿ ಗೆಳೆಯನ ಮುಖವನ್ನೊಮ್ಮೆ ನೋಡಿ ಕಣ್ಣು ಮುಚ್ಚಿದರು.

ಮಾಸ್ತರರು ತೀರಿಕೊಂಡದ್ದು ಒಂದು ರವಿವಾರ ನಸುಕಿನಲ್ಲಿ. ಅದೇ ಬೆಳಿಗ್ಗೆ ಊರಿನ ಸಂಗೀತ ಸಭೆಯವರು ಧಾರವಾಡದ ಶಾಂಭವಿ ಎಂಬ ಎಳೆಯ ಗಾಯಕಿಯ ಹಾಡುಗಾರಿಕೆ ಇಟ್ಟಿದ್ದರು. ಸಭೆಯ ಕಾರ್ಯದರ್ಶಿ ಭೀಮೇಶ ಸುದ್ದಿ ತಿಳಿದ ಕೂಡಲೇ ಅಂದಪ್ಪನವರಿಗೆ ಮೇಲಿಂದ ಮೇಲೆ ಫೋನು ಮಾಡಿದ. ಅನ್ನಪೂರ್ಣವ್ವ ಲಕ್ಷ್ಮೇಶ್ವರಕ್ಕೆ ತಂಗಿಯ ಮನೆಗೆ ಹೋಗಿದ್ದರು. ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿದ್ದ ಫೋನು ತನ್ನಷ್ಟಕ್ಕೆ ಬಡಿದುಕೊಂಡು ಸುಮ್ಮನಾಯಿತು. ಹೊರಡುವಾಗ ಅದನ್ನು ಕೋಟಿನ ಜೇಬಿಗೆ ಇಳಿಸಿದ ಅಂದಪ್ಪನವರು, ಯಾರು ಕರೆದಿದ್ದರೆಂದು ನೋಡಲಿಲ್ಲ. ನೋಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ನೋಡಿದರೆ ತಿರುಗಿ ಮಾಡಬೇಕು, ಮಾಡಿದರೆ ಕೇಳಿಸಿಕೊಳ್ಳಬೇಕು.

ಎಂದಿನಂತೆ ಪಕ್ಕದ ಬಾಗಿಲಿನಿಂದ, ಪರದೆ ಸರಿಯುವ ಹೊತ್ತಿಗೆ ಬಂದು ಕೂತರು. ಭೀಮೇಶ ಮೈಕಿನ ಮುಂದೆ ನಿಂತು ಏನೋ ಹೇಳಿದ, ನಡುವೆ ಇವರ ಕಡೆಗೆ ನೋಡಿದ. ಇವರು ಗಂಭೀರವಾಗಿ ತಲೆಯಾಡಿಸಿದರು. ಆಮೇಲೆ ಶಾಂಭವಿ ಕೂತಲ್ಲಿಂದಲೇ ಎರಡು ಮಾತಾಡಿದಳು. ಆಕೆ ಹೇಳಿದ್ದು ಇಷ್ಟು: ಈ ಊರಿನಲ್ಲಿ ತಾನು ಹಾಡಿದಾಗಲೆಲ್ಲ ಮುಂದೆ ಬಂದು ಕೂತು, ಒಂದು ಮಾತೂ ಆಡದೆ ಕೇಳಿ ಹೋಗುತ್ತಿದ್ದ ಮಾಸ್ತರರು ಇಂದು ಇಲ್ಲ. ಅವರಿಗಾಗಿ ಸ್ವಲ್ಪ ಹೊತ್ತು ಯಾರೂ ಹಾಡುವುದು ಬೇಡ, ಏಳುವುದೂ ಬೇಡ. ತಂಬೂರಿಯೊಂದೇ ನುಡಿಯಲಿ, ಎಲ್ಲರೂ ಕೂತು ಕೇಳೋಣ. ಹಾಗೆಂದು ಆಕೆ ಕಣ್ಣು ಮುಚ್ಚಿದಳು. ಸಭೆಯೆಲ್ಲ ಕಣ್ಣು ಮುಚ್ಚಿತು.

ಅಂದಪ್ಪನವರ ಕಣ್ಣು ಮಾತ್ರ ತೆರೆದಿತ್ತು, ಏಕೆಂದರೆ ಅವರಿಗೆ ಉಳಿದಿದ್ದದ್ದು ಅದೊಂದೇ. ತಂಬೂರಿಯ ಮೇಲೆ ಬೆರಳು ಸರಿಯುತ್ತಿತ್ತು, ಗಾಯಕಿಯ ಗದ್ದ ತುಸು ಮೇಲಕ್ಕೆದ್ದಿತ್ತು, ತುಟಿ ಬಿಟ್ಟೂ ಬಿಡದ ಹಾಗಿತ್ತು. ತಬಲಾದವನು ಕೈಕಟ್ಟಿ ಕೂತಿದ್ದ. ಮಂದ್ರದ ಕೆಳದನಿಯಲ್ಲಿ ಆಲಾಪ ಹಿಡಿದಿದ್ದಾಳೆ ಎಂದು ತಿಳಿದು ಅವರ ಎದೆ ಹಗುರಾಯಿತು. ಆಲಾಪಕ್ಕೆ ತಾಳವಿಲ್ಲ, ಪಕ್ಕದಲ್ಲಿ ಮಾಸ್ತರ ಇಲ್ಲದಿದ್ದರೂ ತಪ್ಪುವ ಭಯವಿಲ್ಲ. ನೋಡುತ್ತಿದ್ದಂತೆ ಆಕೆಯ ಮುಚ್ಚಿದ ಕಣ್ಣಿನಿಂದ ಒಂದು ಹನಿ ಜಾರಿತು. ಎಂಥ ಷಡ್ಜ ಹಚ್ಚಿರಬೇಕು, ಹಾಡುವವಳೇ ಅಳುವಂಥದು. ಹಾಗಂದುಕೊಂಡದ್ದೇ ತಡ, ಆ ಷಡ್ಜ ಅವರಿಗೆ ನಿಜವಾಗಿ ಕೇಳಿಸಿತು. ಒಂದು ಆಯುಷ್ಯವೆಲ್ಲ ಕೇಳಿ ಕೂಡಿಟ್ಟದ್ದು ತಲೆಯೊಳಗಿನಿಂದ ತಾನೇ ಎದ್ದು ತುಂಬಿಕೊಂಡಿತು. ತಮ್ಮ ದನಿ ಎಷ್ಟು ದೊಡ್ಡದೆಂದು ತಮಗೇ ಗೊತ್ತಾಗದ ಅವರು, ಆ ಮೌನದ ನಡುವೆ ‘ವಾಹ್’ ಎಂದರು.

ಸಭೆ ಒಂದು ಗಳಿಗೆ ಬೆಚ್ಚಿತು. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು, ಅವರ ಹಿಂದೆ ಇನ್ಯಾರೋ. ಜೀವದ ಗೆಳೆಯ ಸತ್ತ ದಿನ, ಅಳದೆ, ಭಾಷಣ ಮಾಡದೆ, ಹಾಡು ಮುಗಿಸಿ ಹೊರಟವನಿಗೆ ರಸಿಕನೊಬ್ಬ ಹೇಳಬಹುದಾದ ಒಂದೇ ಮಾತನ್ನು ಅಂದಪ್ಪನವರು ಹೇಳಿದರು ಎಂದು ಸಭೆ ತಿಳಿಯಿತು. ಶಾಂಭವಿ ಕೈ ಮುಗಿದಳು. ಇವರು ಎಂದಿನಂತೆ ತಲೆಬಾಗಿಸಿ ಸ್ವೀಕರಿಸಿದರು. ಮುಂದಿನ ಹಾಡುಗಾರಿಕೆಯನ್ನೆಲ್ಲ, ಗೆಳೆಯನಿನ್ನೂ ಮಲ್ಲಸಮುದ್ರದಲ್ಲಿ ಮಲಗಿದ್ದಾನೆ ಎಂದುಕೊಂಡೇ ನೋಡಿದರು. ಮುಗಿದ ಮೇಲೆ ಭೀಮೇಶ ಓಡಿಬಂದು ಅವರ ಎರಡೂ ಕೈ ಹಿಡಿದುಕೊಂಡು ಏನೋ ಹೇಳುತ್ತ ಅತ್ತ. ಹುಡುಗನಿಗೆ ಕಾರ್ಯಕ್ರಮ ಗೆದ್ದ ಸಂತೋಷವಿರಬೇಕೆಂದು ಅವನ ಬೆನ್ನು ತಟ್ಟಿ, ‘ಭಾಳ ಚಲೋ ಆತು, ಭಾಳ ಚಲೋ ಆತು’ ಎಂದರು. ಭೀಮೇಶ ಇನ್ನಷ್ಟು ಅತ್ತ.

ಹೊರಗೆ ಹೆಬ್ಬಾಗಿಲಿನ ಪಕ್ಕದಲ್ಲಿ ಕರಿ ಹಲಗೆ. ಕಾರ್ಯಕ್ರಮದ ವಿವರದ ಕೆಳಗೆ ಸೀಮೆಸುಣ್ಣದಲ್ಲಿ ಬರೆದಿದ್ದರು: ಮಲ್ಲಸಮುದ್ರದ ಶ್ರೀ ಯಮನೂರಪ್ಪ ಮಾಸ್ತರರು ಇಂದು ಬೆಳಿಗ್ಗೆ ನಿಧನರಾದರು, ಸಭೆಯ ಆರಂಭದಲ್ಲಿ ಮೌನ ಶ್ರದ್ಧಾಂಜಲಿ. ಅಂದಪ್ಪನವರು ಓದಿದರು. ಕೆಳಗಿನಿಂದ ಮೇಲಕ್ಕೆ ಮತ್ತೊಮ್ಮೆ ಓದಿದರು. ಗೋಡೆ ಹಿಡಿದುಕೊಂಡು ನಿಂತಾಗ ಹಿಂದಿನಿಂದ ಬಂದವರು ತೋಳು ಹಿಡಿದು ಸಮಾಧಾನ ಹೇಳಿದರು. ಬೆಳಗಿನಿಂದ ತಡೆಹಿಡಿದ ದುಃಖ ಈಗ ಒಡೆಯಿತು ಎಂದು ಅವರೆಲ್ಲ ಭಾವಿಸಿದರು. ಆ ದುಃಖಕ್ಕೆ ಇನ್ನೂ ಒಂದು ನಿಮಿಷದ ವಯಸ್ಸು ಕೂಡ ಆಗಿರಲಿಲ್ಲ.

ಯಾರೋ ಆ ಗಳಿಗೆಯನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಮಣ್ಣು ಕೊಡುವುದು ಮುಗಿಯುವ ಮೊದಲೇ ಅದು ಊರ ತುಂಬ ಹರಿದಾಡಿತು. ಸ್ನೇಹವೆಂದರೆ ಇದು ಎಂದು ಬರೆದವರೆಷ್ಟೋ, ಅಂದಪ್ಪನವರನ್ನು ಬೀದಿಯಲ್ಲಿ ನಿಲ್ಲಿಸಿ ಕಾಲಿಗೆರಗಿದವರೆಷ್ಟೋ. ಸಭೆಯವರು ಮಾಸ್ತರರಿಗೊಂದು ನುಡಿನಮನ ಏರ್ಪಡಿಸಿ, ಇವರೇ ಮೊದಲು ಮಾತಾಡಬೇಕೆಂದರು. ಅಂದಪ್ಪನವರಿಗೆ ಅನ್ನ ಇಳಿಯಲಿಲ್ಲ. ಗೆಳೆಯನ ಸಾವಿಗೆ ತಾನು ಭಲೇ ಎಂದಂತಾಯಿತು, ಅದಕ್ಕೆ ಊರು ಆರತಿ ಎತ್ತುತ್ತಿದೆ. ಹೋದರೆ ಹೋಗಲಿ ಮುಂದಿನ ಸಾಲು, ನಿಜ ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡು, ನುಡಿನಮನದ ಹಿಂದಿನ ದಿನ ಮಲ್ಲಸಮುದ್ರಕ್ಕೆ ಹೋದರು. ಮಾಸ್ತರರ ಹೆಂಡತಿ ಮಂಜವ್ವನಿಗೆ ಮೊದಲು ಹೇಳಬೇಕಿತ್ತು.

ಮಂಜವ್ವ ಚಾಪೆ ಹಾಸಿ ಕೂರಿಸಿ, ಬಾಗಿಲಿನ ಬೆಳಕಿಗೆ ಮುಖ ಕೊಟ್ಟು ಎದುರಿಗೆ ಕೂತಳು.

‘ಮಂಜವ್ವಾ, ಅವತ್ತು ಮಾಸ್ತರ ಹೋದ ಖಬರ ನನಗ ಇರಲಿಲ್ಲ. ಆಕಿ ಹಾಡಾಕತ್ತಾಳ ಅಂತ ತಿಳ್ಕೊಂಡು ವಾಹ್ ಅಂದೆ. ಖರೆ ಹೇಳ್ತೇನಿ, ನನಗ ಕಿವಿ ಕೇಳಂಗಿಲ್ಲ.’

‘ಗೊತ್ತೈತ್ರಿ ಅಣ್ಣಾರ’ ಎಂದಳು ಮಂಜವ್ವ, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ. ‘ಇವರು ನನಗ ಯಾವಾಗೋ ಹೇಳಿದ್ರು. ಯಾರ ಮುಂದೂ ಅನಬ್ಯಾಡ ಅಂದಿದ್ರು.’

‘ನಾಳೆ ಸಭಾದಾಗ ಎಲ್ಲಾರ ಮುಂದ ಹೇಳಿಬಿಡ್ತೇನಿ.’

ಮಂಜವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ‘ಬ್ಯಾಡ್ರಿ. ಜೀವಮಾನದಾಗ ಇವರಿಗೆ ಯಾರೂ ಒಂದ್ ಶಾಲು ಹೊದಿಸಲಿಲ್ಲ, ಹೆಸರು ಹಿಡಿದು ಕರೀಲಿಲ್ಲ. ಸಾವ್ಕಾರ್ರ ಸಂಗಾಟ ಬರಾವ್ರು ಅಂತಿದ್ರು, ಅಷ್ಟ. ಹೋದ ದಿನ ಅಷ್ಟೂ ಮಂದಿ ಇವರ ಸಲುವಾಗಿ ಅತ್ತೇತಿ. ಮೊಮ್ಮಗಳು ದಿನಾ ಮೊಬೈಲ್‌ನ್ಯಾಗ ಹಚ್ಚಿ ತೋರಸ್ತಾಳ, ನಾ ನೋಡ್ತೇನಿ. ಅದೂ ತಪ್ಪಿ ಅಂದದ್ದು ಅಂತ ಆದ್ರ, ಇವರಿಗೆ ಏನ್ ಉಳೀತ್ರಿ?’

ಅಂದಪ್ಪನವರಿಗೆ ನಿಜ ಹೇಳಿ ಹಗುರಾಗುವ ದಾರಿಯೂ ಮುಚ್ಚಿತು. ಎದ್ದು ಹೊರಟವರು ಹೊಸ್ತಿಲಲ್ಲಿ ನಿಂತು ಕೇಳಿದರು:

‘ಕಡೀಕ ನಾ ಬಂದಾಗ ಮಾಸ್ತರ ಏನೋ ಹೇಳಿದ. ಏನಂದ, ನಿನಗೇನರ ಗೊತ್ತೈತೇನು?’

‘ನಾ ಒಳಗ ಚಾ ಕಾಸಾಕತ್ತಿದ್ನ್ರಿ. ನೀವು ಹೋದ ಮ್ಯಾಲೆ ಕೇಳಿದೆ, ಏನ್ ಅಷ್ಟೊತ್ತು ಹೇಳಿದ್ರಿ ಅಂತ. ಅದಕ್ಕ ಇವರು, ಹೇಳೂದು ಹೇಳಿದೆ, ಸಾವ್ಕಾರ್ರು ಭಾಳ ಚಲೋ ಆತು ಅಂದ್ರು, ಮುಗೀತು ಅಂದ್ರು.’

ನುಡಿನಮನದಲ್ಲಿ ಅಂದಪ್ಪನವರು ಎದ್ದು ನಿಂತು ಕೈ ಮುಗಿದು ಕೂತರು. ಅದಕ್ಕೂ ಜನ ಕಣ್ಣೊರೆಸಿಕೊಂಡರು. ಇಂದಿಗೂ ಅವರು ಎಲ್ಲ ಕಡೆಗೂ ಬರುತ್ತಾರೆ. ಆದರೆ ಒಂದು ಸಲವೂ ವಾಹ್ ಎಂದಿಲ್ಲ. ಗೆಳೆಯನಿಗೆ ಕೊಟ್ಟದ್ದೇ ಕಡೆಯದು, ಇನ್ನು ಯಾರಿಗೂ ಕೊಡುವುದಿಲ್ಲವೆಂದು ವ್ರತ ಹಿಡಿದಿದ್ದಾರಂತೆ ಎಂದು ಊರಲ್ಲಿ ಹೇಳಿಕೊಳ್ಳುತ್ತಾರೆ. ಹೊಸ ಗಾಯಕರು ಅವರ ಮೌನಕ್ಕೂ ನಮಸ್ಕರಿಸುತ್ತಾರೆ.

ಇಂಥವರು ಊರಿಗೊಬ್ಬರು ಇರುತ್ತಾರೆ. ಅವರಿಲ್ಲದೆ ಯಾವ ಸಭೆಯೂ ಸಭೆ ಅನ್ನಿಸುವುದಿಲ್ಲ. ಹಾಡು ಚೆನ್ನಾಗಿತ್ತೋ ಇಲ್ಲವೋ ಎಂಬುದನ್ನು ನಾವು ಅವರ ಮುಖ ನೋಡಿ ತಿಳಿದುಕೊಳ್ಳುತ್ತೇವೆ, ಅವರು ಬಂದಿದ್ದಾರೆಂದರೆ ನಮಗೆ ಧೈರ್ಯ. ಮದುವೆಯಲ್ಲಿ, ಮಠದಲ್ಲಿ, ಹೊಳೆದಂಡೆಯ ಬುತ್ತಿಯೂಟದಲ್ಲಿ ಇಷ್ಟು ವರ್ಷ ಅವರ ಮಗ್ಗುಲಿಗೇ ಕೂತ ನಮ್ಮಲ್ಲಿ ಒಬ್ಬರಾದರೂ, ಒಂದು ಸಲವಾದರೂ, ನಿಮಗೆ ಕೇಳಿಸುತ್ತದೆಯೇ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರೋ ಏನೋ. ಎಲ್ಲರ ನಡುವೆ ಬಾಳುವವರನ್ನು ಎಲ್ಲರೂ ನೋಡುತ್ತಾರೆ. ದಿನವೂ ಕಣ್ಣೆದುರಿಗೇ ಇದ್ದಾರಲ್ಲ ಎಂದು, ಹೇಗಿದ್ದೀರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ.